ಹಗ್ಗ ಬಿಗಿಯಾದಾಗ

“ಅಯ್ಯನವರೇ, ನಾನು ಕೂಗುವುದು ದೇವರಿಗೆ ಕೇಳಿಸುತ್ತಿಲ್ಲವೇ? ಇಲ್ಲ, ಕೇಳಿಸಿಯೂ ಸುಮ್ಮನಿದ್ದಾನೆಯೇ?”

ಕೃಪಾವತಿ ಹೀಗೆ ಕೇಳಿದಾಗ ಚರ್ಚಿನ ಪಾದ್ರಿ ಸತ್ಯಮಿತ್ರ ಅಯ್ಯನವರು ಓದುತ್ತಿದ್ದ ಸತ್ಯವೇದವನ್ನು ಮುಚ್ಚಿ ಪಕ್ಕಕ್ಕಿಟ್ಟರು. ಅವಳು ಅವರ ಬಳಿ ಪಾಠಕ್ಕೆ ಬರುತ್ತಿದ್ದ ಹುಡುಗಿ. ಒಂದು ಕಣ್ಣಿನ ಬೆಳಕು ಆಗಲೇ ಹೋಗಿತ್ತು. ಇನ್ನೊಂದು ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಈಗೀಗ ಬೆಳಗ್ಗೆ ಎಚ್ಚರವಾದರೂ ಕಣ್ಣು ತೆರೆಯಲು ಅವಳಿಗೆ ಭಯ. ಚಿಕ್ಕಂದಿನಲ್ಲಿ ಸಣ್ಣಪುಟ್ಟದ್ದಕ್ಕೆ ಪ್ರಾರ್ಥಿಸಿದರೂ ಒಳಗಿನಿಂದ ಯಾರೋ ಓಗೊಟ್ಟಂತಾಗುತ್ತಿತ್ತು, ಈಗ ಜೀವ ಬಾಯಿಗೆ ಬಂದು ಕೂಗಿದರೂ ಗೋಡೆಗೆ ಮಾತಾಡಿದ ಹಾಗಿದೆ ಎಂದಳು.

ಅಯ್ಯನವರು ಸಮಾಧಾನ ಹೇಳಲಿಲ್ಲ. ಒಂದು ಕತೆ ಹೇಳಿದರು.

ಬಾವಿಗಳ ಹೂಳು ತೆಗೆಯುವವನೊಬ್ಬನಿದ್ದ. ಒಂದು ಬೇಸಗೆಯಲ್ಲಿ ಅವನ ಮಂಡಿ ಕೆಟ್ಟಿತು, ಇಳಿಯಲಾಗಲಿಲ್ಲ. ಒಪ್ಪಿಕೊಂಡ ಕೆಲಸ ಬಿಡುವಂತಿರಲಿಲ್ಲ. ಅವನ ಮಗಳು, ನಾನು ಇಳಿಯುತ್ತೇನೆ ಎಂದಳು. ಬಾವಿಯ ಯಜಮಾನ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ, ಇವಳಿಗಿಂತ ನಮ್ಮ ಕೊಡಪಾನವೇ ಭಾರ, ಇವಳು ಕೆಳಗಿದ್ದಾಳೋ ಇಲ್ಲವೋ ಎಂದು ನಿನಗೆ ತಿಳಿಯುವುದಾದರೂ ಹೇಗಪ್ಪ ಎಂದು ನಕ್ಕ. ನನಗೆ ತಿಳಿಯುತ್ತದೆ ಬಿಡಿ, ಎಂದ ತಂದೆ. ಯಜಮಾನ ಊಟಕ್ಕೆ ಹೋದ.

ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ತಂದೆ ಮೊದಲು ಕಂದೀಲು ಇಳಿಸಿ ನೋಡಿದ. ಅದು ಆರಲಿಲ್ಲ. ಆಮೇಲೆ ಮಗಳ ಸೊಂಟಕ್ಕೆ ಹಗ್ಗ ಬಿಗಿದ. ಇನ್ನೊಂದು ತುದಿಯನ್ನು ಬಾವಿಯ ಅಡ್ಡಮರದ ಮೇಲಿಂದ ತಂದು ತನ್ನ ಸೊಂಟಕ್ಕೇ ಸುತ್ತಿಕೊಂಡ.

ಇಳಿಯುವಾಗ ಗೋಡೆಯಲ್ಲಿ ಕಾಲಿಡಲು ಗೂಡುಗಳಿದ್ದವು. ಅವಳು ಒಂದೊಂದರಲ್ಲೇ ಕಾಲೂರಿ ಇಳಿದಳು. ತಂದೆ ಮೇಲಿನಿಂದ ಘಳಿಗೆಗೊಮ್ಮೆ, ಮಗಳೇ, ಇದ್ದೀಯಾ ಎನ್ನುತ್ತಿದ್ದ. ಇದ್ದೇನಪ್ಪಾ ಎನ್ನುತ್ತಿದ್ದಳು. ತಳದಲ್ಲಿ ನಿಂತು ಬುಟ್ಟಿಗೆ ಹೂಳು ತುಂಬುವಾಗಲೂ ಅದೇ ಕೂಗು, ಅದೇ ಉತ್ತರ. ಅವಳಿಗೆ ಒಳಗೊಳಗೇ ನಗು ಬಂತು, ಅಪ್ಪನಿಗೆ ನನಗಿಂತ ಹೆಚ್ಚು ಹೆದರಿಕೆ ಎಂದುಕೊಂಡಳು.

ಕೆಲಸ ಮುಗಿಯಿತು. ಕೆಸರಾದ ಕಾಲು ಗೂಡಿನಲ್ಲಿ ನಿಲ್ಲದೆ ಜಾರುತ್ತಿತ್ತು. ಅಪ್ಪಾ, ಎಳಿ ಎಂದಳು. ತಂದೆ ಎಳೆಯತೊಡಗಿದ. ಅವಳು ನಡು ಬಾವಿಗೆ ಬಂದಿದ್ದಾಗ ಗೋಡೆಯಿಂದ ಕಲ್ಲೊಂದು ಕಳಚಿ ಅವಳ ಹೆಗಲಿಗೆ ತಗಲಿ ಕೆಳಗೆ ಬಿತ್ತು. ಹಿಂದೆಯೇ ಮಣ್ಣು ಸುರಿಯಿತು. ಧೂಳೆದ್ದು ಮೇಲಿನ ಬೆಳಕು ಮುಚ್ಚಿಹೋಯಿತು. ಹಗ್ಗ ಒಮ್ಮೆ ಜಗ್ಗಿ ನಿಂತುಬಿಟ್ಟಿತು.

ಅವಳು ಕತ್ತಲಲ್ಲಿ ತೂಗಾಡುತ್ತ ಅಪ್ಪಾ ಎಂದು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಬಾವಿ ಅವಳ ದನಿಯನ್ನೇ ಅವಳಿಗೆ ಹಿಂದಿರುಗಿಸಿತು. ಅಲ್ಲಿಯವರೆಗೆ ಬಾಯಿ ಮುಚ್ಚದ ಅಪ್ಪ ಈಗ ಸುಮ್ಮನಾಗಿದ್ದ. ಕಟ್ಟೆ ಕುಸಿಯುತ್ತದೆಂದು ಓಡಿಹೋದನೇ? ಹಗ್ಗವನ್ನು ಯಾವುದೋ ಮರಕ್ಕೆ ಕಟ್ಟಿ, ನನ್ನನ್ನು ಹೀಗೇ ನೇತುಬಿಟ್ಟು ಹೋದನೇ?

ಇನ್ನು ನನ್ನ ದಾರಿ ನನಗೆ ಎಂದುಕೊಂಡಳು. ಸೊಂಟದ ಹಗ್ಗವನ್ನು ಬಿಚ್ಚಿ ಗೋಡೆ ಹಿಡಿದು ಹತ್ತುವ ಯೋಚನೆ. ಆದರೆ ಮೈಭಾರಕ್ಕೆ ಗಂಟು ಕಲ್ಲಿನಂತಾಗಿತ್ತು. ಗೋಡೆ ತಡವಿದಾಗ ಮರದ ಬೇರು ಸಿಕ್ಕಿತು. ಅದಕ್ಕೆ ಜೋತು ಕಾಲನ್ನು ಬಿರುಕಿಗೆ ಕೊಟ್ಟಳು. ಹಗ್ಗ ಸಡಿಲಾಯಿತು, ಗಂಟೂ ಸಡಿಲಾಯಿತು.

ಆಗ ಮೇಲಿನಿಂದ ದನಿ ಬಂತು. “ಮಗಳೇ, ಎಲ್ಲಿದ್ದೀಯೇ?” ಅಪ್ಪನ ದನಿ ಹಾಗೆ ನಡುಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಗಂಟಿನ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಇದ್ದೇನೆ ಎನ್ನಲು ಬಾಯಿ ತೆರೆಯುವುದರೊಳಗೆ ಬೇರು ಕಿತ್ತುಬಂತು. ಅವಳು ಮೊಳದಷ್ಟು ಜಾರಿದಳು. ಹಗ್ಗ ಅವಳನ್ನು ಹಿಡಿಯಿತು. ಮೇಲಿನ ದನಿ ಅರ್ಧಕ್ಕೇ ನಿಂತಿತು.

ಆಮೇಲೆ ಮಾತೇ ಇಲ್ಲ. ಹಗ್ಗ ಮಾತ್ರ ಗೇಣುಗೇಣಾಗಿ ಮೇಲೆ ಹೋಯಿತು.

ಅವಳು ಕಟ್ಟೆ ಹಿಡಿದು ಮೇಲೆ ಬಂದಾಗ ತಂದೆ ನೆಲದ ಮೇಲೆ ಅಂಗಾತ ಬಿದ್ದಿದ್ದ. ಕೆಟ್ಟ ಮಂಡಿಯನ್ನೂ ಕಟ್ಟೆಗೆ ಒತ್ತುಕೊಟ್ಟಿದ್ದ. ಅಂಗೈ ಸುಲಿದಿತ್ತು. ಹಗ್ಗದ ಒಂದು ಎಳೆ ಹಲ್ಲಿನ ನಡುವೆ ಇತ್ತು. ಅವಳಿಗೆ ಅದಾವುದೂ ಕಾಣಲಿಲ್ಲ. ಭಯವೆಲ್ಲ ಸಿಟ್ಟಾಗಿತ್ತು.

“ಅಷ್ಟು ಕೂಗಿದೆನಲ್ಲಪ್ಪಾ, ಒಂದು ಸಲ ಓ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?”

ತಂದೆ ಎಳೆಯನ್ನು ಉಗಿದು, ಉಸಿರು ಹಿಂದಿರುಗುವವರೆಗೆ ಕಾದ.

“ನೀನು ಹಗುರಾದಾಗಲೆಲ್ಲ ನಾನು ಕೂಗಿದೆ ಮಗಳೇ,” ಎಂದ. “ನಿನ್ನ ಭಾರ ನನ್ನ ಮೇಲಿದ್ದಾಗ ನನಗೆ ಉಸಿರೆಲ್ಲಿತ್ತು?”

ಮುಂದಿನ ಬೇಸಗೆಯಲ್ಲೂ ಅವಳೇ ಇಳಿದಳು. ಹೆದರಿಕೆ ಹೋಗಿತ್ತೆಂದಲ್ಲ. ಆದರೆ ಮೇಲಿನ ದನಿ ನಿಂತಾಗ ಅವಳು ಗೋಡೆ ತಡವುತ್ತಿರಲಿಲ್ಲ. ಹಗ್ಗದ ಮೇಲೆ ಕೈಯಿಟ್ಟು ನೋಡುತ್ತಿದ್ದಳು, ಬಿಗಿಯಾಗಿದ್ದರೆ ಸುಮ್ಮನಿರುತ್ತಿದ್ದಳು.

ಅಯ್ಯನವರು ಕತೆ ನಿಲ್ಲಿಸಿದರು. ಕೃಪಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಕತೆ ಅವಳಿಗೆ ಹಿಡಿಸಿತ್ತು, ಅದಕ್ಕೇ ಪ್ರಶ್ನೆ ಕೇಳಿದರೆ ಅದು ಮುರಿದೀತೆಂಬ ಭಯವೂ ಆಯಿತು. ಕೇಳಲೋ ಬೇಡವೋ ಎಂದು ಅಳುಕಿ, ಕೊನೆಗೆ ತಲೆ ತಗ್ಗಿಸಿಯೇ ಕೇಳಿದಳು.

“ಆ ತಂದೆ ಮನುಷ್ಯ, ಅಯ್ಯನವರೇ. ಅವನಿಗೆ ಉಸಿರು ಸಾಲಲಿಲ್ಲ. ದೇವರಿಗೂ ಉಸಿರು ಸಾಲದೇ ಹೋಗುತ್ತದೆಯೇ?”

ಅಯ್ಯನವರು ಹೇಳಿದರು:

“ಶಿಲುಬೆಯ ಮೇಲೆ ಸಾಲದೇ ಹೋಯಿತಲ್ಲ, ಮಗಳೇ.”