ಗುಂಡುನೆತ್ತಿಯ ಬೆಟ್ಟ ದಾಟಿದ ಸೂಲಗಿತ್ತಿ

“ಗುರುಗಳೇ, ಆರು ವರ್ಷ ತಪ್ಪು ಸಾಧನೆಯಲ್ಲಿ ಕಳೆದೆ. ಈಗ ಹೊಸಬರ ಜೊತೆ ಕುಳಿತು ಮೊದಲಿನಿಂದ ಶುರುಮಾಡಲು ನಾಚಿಕೆಯಾಗುತ್ತದೆ. ಹಿಡಿದ ದಾರಿಯಲ್ಲೇ ಮುಂದುವರಿದರೆ ಆಗದೇ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಬೆಟ್ಟವಿತ್ತು. ಅದರ ನೆತ್ತಿ ಬೋರಲು ಹಾಕಿದ ಗಡಿಗೆಯಂತೆ ಗುಂಡಗೆ. ಮರವಿಲ್ಲ, ಬರೀ ಹುಲ್ಲು. ಸುತ್ತಲೂ ಗುಡ್ಡಗಳ ಸಾಲು. ಮಂಜು ಕವಿದರೆ ಅಲ್ಲಿ ನಿಂತವರಿಗೆ ಎಲ್ಲ ಕಡೆಯೂ ಒಂದೇ ಬಗೆಯ ಇಳಿಜಾರು.

ಬೆಟ್ಟದ ಈಚೆಗೆ ಒಬ್ಬ ಸೂಲಗಿತ್ತಿ ಇದ್ದಳು. ಒಂದು ಬೆಳಿಗ್ಗೆ ಆಚೆ ಕಡೆಯ ಕುರಿಗಾಹಿಯೊಬ್ಬ ಅವಳ ಬಾಗಿಲಿಗೆ ಬಂದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ. ಹಿಂದಿನ ದಿನವೇ ನೋವು ಶುರುವಾಗಿದ್ದರೂ ಮಗು ಬಂದಿರಲಿಲ್ಲ. ಸೂಲಗಿತ್ತಿಗೆ ಅರವತ್ತು ದಾಟಿತ್ತು, ಮಂಡಿನೋವಿತ್ತು. ಆದರೂ ಗಂಟು ಎತ್ತಿಕೊಂಡು ಹೊರಟಳು.

ನೆತ್ತಿ ತಲುಪುವಷ್ಟರಲ್ಲಿ ಮಂಜು ಕವಿಯಿತು.

“ಅವ್ವಾ, ಇದು ಸರಿಯುವ ತನಕ ಕೂತಿರೋಣ,” ಎಂದ ಕುರಿಗಾಹಿ.

“ಸಂಜೆಯಾದರೂ ಸರಿಯದಿದ್ದರೆ? ನಡಿ ತಮ್ಮಾ,” ಎಂದಳು.

ಒಂದು ಕಡೆ ಇಳಿದರು. ಗಾಳಿ ಕೆಳಗಿನಿಂದ ಮುಖಕ್ಕೆ ರಾಚಿತು. ಅವಳು ಒಂದು ಕಲ್ಲು ಎಸೆದಳು. ಅದು ಬಿದ್ದ ಸದ್ದು ಬಹಳ ಹೊತ್ತು ಬರಲಿಲ್ಲ. ಮುಂದೆ ಪ್ರಪಾತವಿತ್ತು. ಬೆನ್ನು ತಿರುಗಿಸಿ ಮತ್ತೆ ನೆತ್ತಿಗೆ ಹತ್ತಿದರು.

ಇನ್ನೊಂದು ಕಡೆ ಇಳಿದರು. ತುಂಬ ದೂರ ಇಳಿದ ಮೇಲೆ ಹಳ್ಳವೊಂದು ಸಿಕ್ಕಿತು. ಅದು ಬೆಳಿಗ್ಗೆ ಅವರೇ ದಾಟಿ ಬಂದಿದ್ದ ಹಳ್ಳ. ಕುರಿಗಾಹಿ ತಲೆಯ ಮೇಲೆ ಕೈಹೊತ್ತು ಕುಳಿತ. ಅವಳ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಮಂಜಿಗೆ ಸಿಕ್ಕಿ ವಾಪಸಾದೆವೆಂದರೆ ಯಾರೂ ತಪ್ಪೆನ್ನಲಾರರು ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟೂ ದಾರಿಯನ್ನು ಮತ್ತೆ ಹತ್ತಬೇಕಲ್ಲ ಎಂದು ಅಳು ಬಂದಂತಾಯಿತು. ಹಳ್ಳದಲ್ಲಿ ಮುಖ ತೊಳೆದುಕೊಂಡು ಎದ್ದಳು.

ಕಾಲುದಾರಿ ಹಿಡಿದು ಮೇಲೆ ಬಂದರು. ಹುಲ್ಲು ಶುರುವಾಗುವಲ್ಲಿ ದಾರಿ ಅಳಿಸಿಹೋಗಿತ್ತು. ಅವಳು ಅಲ್ಲೇ ನಿಂತಳು.

“ನಿನ್ನ ಊರು ಇಲ್ಲಿಂದ ನೇರ ಎದುರಿಗೆ ಅಲ್ಲವೇ? ನೀನು ಇಲ್ಲೇ ನಿಂತು ಕೂಗುತ್ತಿರು. ಕೂಗು ನನ್ನ ಬೆನ್ನಿಗೇ ಬೀಳುವ ಹಾಗೆ ನಾನು ನಡೆಯುತ್ತೇನೆ. ಅದು ಸಣ್ಣದಾದಾಗ ನಿಂತು ಕರೆಯುತ್ತೇನೆ, ಆಗ ಬಾ.”

ಹೀಗೆ ಒಬ್ಬರು ನಿಂತು, ಒಬ್ಬರು ನಡೆದು, ನೆತ್ತಿ ದಾಟಿದರು. ಇಳಿಜಾರಿನಲ್ಲಿ ಕುರಿಹಟ್ಟಿಯ ನಾಯಿಗಳು ಬೊಗಳುವುದು ಕೇಳಿಸಿತು. ಮನೆ ಮುಟ್ಟಿದಾಗ ಬಸುರಿಗೆ ನರಳಲೂ ಶಕ್ತಿ ಇರಲಿಲ್ಲ. ಸೂಲಗಿತ್ತಿ ಬಿಸಿನೀರಿನಲ್ಲಿ ಕೈ ತೊಳೆದು ಅವಳ ಪಕ್ಕ ಕುಳಿತಳು. ಹೊತ್ತು ಮುಳುಗುವ ಮೊದಲು ಹೆಣ್ಣುಮಗು ಹುಟ್ಟಿತು. ತಾಯಿಯೂ ಉಳಿದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೇಳಿದ: “ಎರಡು ಸಲ ದಾರಿ ತಪ್ಪಿ ತಡವಾಗಿ ಬಂದವಳಿಗೆ ಆ ಮನೆಯವರು ಏನೆಂದರು?”

“ಮಗುವಿನ ಅಳು ಕೇಳಿದ ಮೇಲೆ ಆ ಮನೆಯಲ್ಲಿ ದಾರಿಯ ಮಾತನ್ನು ಯಾರೂ ಎತ್ತಲಿಲ್ಲ,” ಎಂದರು ಗುರುಗಳು.

ಮುರಿಗೆಪ್ಪ ಎದ್ದು ಹೋಗಿ ಹೊಸಬರ ಸಾಲಿನಲ್ಲಿ ಕುಳಿತ.