ಹರಳಿನ ಮೇಲೆ ಇಲ್ಲದ ಪದರ

ಹೊಳೆಯ ದಂಡೆಯಲ್ಲಿ ವಿರೂಪಾಕ್ಷಯ್ಯನವರ ಪ್ರಯೋಗಶಾಲೆ ಇತ್ತು. ಜನ ಅದನ್ನು ಆಶ್ರಮ ಎಂದೇ ಕರೆಯುತ್ತಿದ್ದರು. ಅಲ್ಲಿ ಜಪತಪ ಏನೂ ಇರಲಿಲ್ಲ. ಗಾಳಿ ತೆಗೆದ ಪಾತ್ರೆಯಲ್ಲಿ ಲೋಹ ಕಾಯಿಸಿ, ಅದರ ಆವಿಗೆ ಚೂರು ಆಮ್ಲಜನಕ ಸೇರಿಸಿ, ಉಗುರಗಲದ ಆಕ್ಸೈಡ್ ಹರಳಿನ ಮೇಲೆ ಇನ್ನೊಂದು ಆಕ್ಸೈಡಿನ ಪದರ ಬೆಳೆಸುತ್ತಿದ್ದರು. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಪದರ.

ಅಲ್ಲೊಂದು ಕಟ್ಟಳೆ. ಪದರ ಬೆಳೆಸುವ ಮೊದಲು ಬರಿ ಹರಳನ್ನು ಎಕ್ಸ್-ರೇ ಯಂತ್ರದಲ್ಲಿಟ್ಟು ಅದು ಮೂಡಿಸುವ ಗೆರೆ ನೋಡಬೇಕು, ಪ್ರತಿ ಸಲವೂ. ಬೆಳೆದ ಪದರದ ಗೆರೆಯನ್ನು ಆಮೇಲೆ ಅದರ ಪಕ್ಕ ಇಟ್ಟು ಹೋಲಿಸಬೇಕು.

ಶಿಷ್ಯ ಸೋಮನಾಥ ಈ ಸಲ ನೋಡಲಿಲ್ಲ. ನೂರು ಸಲ ನೋಡಿದ್ದರಲ್ಲಿ ಹೊಸದೇನಿದೆ ಎಂಬ ಉಡಾಫೆ.

ಪದರ ಬೆಳೆಸಿದ್ದಾಯಿತು. ಹಿರಿಯ ಶಿಷ್ಯೆ ಭಾಮಿನಿ ಅದನ್ನು ಅದೇ ಯಂತ್ರದಲ್ಲಿ ಅಳೆದು, ಎಲ್ಲರೆದುರು ಹೇಳಿದಳು: "ಇದು ಬರಿ ಹರಳಿನ ಗೆರೆ ಕಣಪ್ಪ. ಪದರ ಎಲ್ಲಿ?"

"ಪದರ ಅಷ್ಟು ಚೆನ್ನಾಗಿ ಕೂತಿದೆ ಅಕ್ಕ. ಹರಳಿನ ಗೆರೆ ಮೇಲೇ ಅದರ ಗೆರೆ ಬಿದ್ದಿದೆ. ನೀವು ಯಂತ್ರ ಸರಿಯಾಗಿ ಹೊಂದಿಸಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಎಲ್ಲರೂ ನಕ್ಕರು. ಭಾಮಿನಿಯ ಮುಖ ಸಣ್ಣದಾಯಿತು. ಗುರುಗಳು ಎದ್ದು ಹೊಳೆಯ ಕಡೆ ಹೋದರು.

ಮರುದಿನ ಸೋಮನಾಥ ಪಾತ್ರೆ ತೆರೆದ. ಒಳಗೆ ಲೋಹ ಕಾಯಿಸುವ ಬಟ್ಟಲಿನ ಮುಚ್ಚಳ ಸಿಕ್ಕಿಕೊಂಡು ತೆರೆದೇ ಇರಲಿಲ್ಲ. ಆವಿಯೆಲ್ಲ ಮುಚ್ಚಳದ ಒಳಮೈಗೇ ಮೆತ್ತಿತ್ತು. ಹರಳಿನ ಮೇಲೆ ಒಂದು ಕಣವೂ ಬಿದ್ದಿರಲಿಲ್ಲ.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಆದರೂ ಮೂರು ದಿನ ತುಟಿ ಬಿಚ್ಚಲಿಲ್ಲ. ಪದರ ಚೆನ್ನಾಗಿ ಕೂತಿದೆಯೆಂದು ಯಾರಾದರೂ ಹೊಗಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನಾಲ್ಕನೆಯ ಬೆಳಗ್ಗೆ ಗುರುಗಳು ಹೊಳೆಯಲ್ಲಿ ಪಂಚೆ ಒಗೆಯುತ್ತಿದ್ದರು. ಅವನು ಹೋಗಿ ಎಲ್ಲ ಹೇಳಿಕೊಂಡ.

ಗುರುಗಳು ಪಂಚೆ ಹಿಂಡಿದರು. "ನನಗ್ಯಾಕೆ ಹೇಳ್ತಿದ್ದೀಯ?"

"ನೀವು ಗುರುಗಳು."

"ನೀನು ಎಲ್ಲರನ್ನೂ ನಗಿಸಿದ್ದು ನನ್ನನ್ನು ಹಂಗಿಸಿ ಅಲ್ಲವಲ್ಲ."

ಸೋಮನಾಥ ತಲೆ ತಗ್ಗಿಸಿ ಒಳಗೆ ಹೋದ. ಭಾಮಿನಿ ನೆಲದ ಮೇಲೆ ಕೂತಿದ್ದಳು. ಸುತ್ತ ಬಿಚ್ಚಿಟ್ಟ ಯಂತ್ರದ ಬಿಡಿಭಾಗಗಳು. ತನ್ನ ತಪ್ಪು ಎಲ್ಲಿದೆ ಎಂದು ಮೂರು ದಿನದಿಂದ ಹುಡುಕುತ್ತಿದ್ದಳು.

ಅವನು ಎಲ್ಲರನ್ನೂ ಕರೆದ. ಕಟ್ಟಳೆ ಮುರಿದದ್ದು, ಮುಚ್ಚಳ, ಮೂರು ದಿನದ ಮೌನ, ಒಂದನ್ನೂ ಬಿಡದೆ ಹೇಳಿದ.

ಭಾಮಿನಿ ಬೈಯಲಿಲ್ಲ. "ಹಾಗಾದ್ರೆ ನಾನು ನೋಡಿದ್ದು ಸರಿ ಇತ್ತಾ?" ಎಂದಷ್ಟೇ ಕೇಳಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಣ್ಣು ತುಂಬಿತು.

"ಸರಿ ಇತ್ತು ಅಕ್ಕ."

ಇಬ್ಬರೂ ಕೂತು ಯಂತ್ರವನ್ನು ಮತ್ತೆ ಜೋಡಿಸಿದರು. ಸಂಜೆಯಾಯಿತು. ಆಮೇಲೆ ಅವನು ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ನನ್ನನ್ನು ಊರಿಗೆ ಕಳಿಸಿಬಿಡಿ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ. ಏನು ಮುಟ್ಟಿದರೂ ಕೈ ನಡುಗುತ್ತೆ."

ಗುರುಗಳು ಅವನ ಅಂಗೈ ಬಿಡಿಸಿ, ಹೊಸ ಹರಳೊಂದನ್ನು ಇಟ್ಟರು.

"ನಡುಗಲಿ ಬಿಡು. ಇಷ್ಟು ದಿನ ನಿನ್ನ ಕೈಗೆ ಹರಳು ಕೊಡುವಾಗ ನಡುಗುತ್ತಿದ್ದದ್ದು ನನ್ನ ಕೈ."