ಕೆಳತುಟಿ

ನದಿ ದಡದ ಆ ಮನೆಯಲ್ಲಿ ಗಂಡ ಹೆಂಡತಿ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಅದು ಅವರ ರೂಢಿ.

ಗಂಡ ಮೌನೇಶಪ್ಪ ಬಡಿಗೇರ, ಮಣ್ಣಿನಲ್ಲಿ ಮುಖ ಮೂಡಿಸುವುದರಲ್ಲಿ ಹೆಸರಾದವರು. ಹೆಂಡತಿ ಕಾಳಮ್ಮ. ಅವರು ಮದುವೆಯಾಗಿ ಬಂದಾಗ ಮನೆ ತುಂಬ ಹಿರಿಯರಿದ್ದರು. ಅವರೆದುರು ಗಂಡನೊಂದಿಗೆ ಮಾತಾಡಲು ಸಂಕೋಚ. ಏನು ಹೇಳುವುದಿದ್ದರೂ ಕಲಿಯಲು ಬಂದ ಶಿಷ್ಯರ ಮೂಲಕ ಹೇಳಿಸುತ್ತಿದ್ದರು. ಹಿರಿಯರು ಒಬ್ಬೊಬ್ಬರಾಗಿ ಹೋದರು. ರೂಢಿ ಉಳಿಯಿತು.

ಹೀಗಾಗಿ ಆ ಮನೆಗೆ ಬಂದ ಶಿಷ್ಯರು ಮಣ್ಣು ಮುಟ್ಟುವ ಮೊದಲೇ ಮಾತು ಒಯ್ಯುವುದನ್ನು ಕಲಿಯುತ್ತಿದ್ದರು.

ಈಗ ಉಳಿದಿದ್ದ ಶಿಷ್ಯೆ ದಾನೇಶ್ವರಿ ಒಬ್ಬಳೇ. ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಓದುತ್ತಿದ್ದವಳು. ಕೊನೆಯ ವರ್ಷದ ಅರ್ಧ ಭಾಗ ಹೊರಗಿನ ಒಬ್ಬ ಕಲಾವಿದರ ಬಳಿ ಇದ್ದು ಕೆಲಸ ಮಾಡಬೇಕೆಂದು ಅಲ್ಲಿ ನಿಯಮ. ಅವಳು ಈ ಮನೆಯನ್ನು ಆರಿಸಿಕೊಂಡಿದ್ದಳು.

"ಅವರಿಗೆ ಹೇಳವ್ವ, ರೊಟ್ಟಿ ಆರಾಕತ್ತಾವು," ಎಂದು ಕಾಳಮ್ಮ ಒಲೆಯ ಮುಂದಿನಿಂದ ಹೇಳುವರು. ಅವರು ಎಂಬವರು ಹೊಸ್ತಿಲಿನ ಆಚೆಗೇ ಕುಳಿತಿರುವರು.

"ಕೇಳಿಸ್ತು ಅಂತ ಆಕಿಗೆ ಹೇಳು," ಎನ್ನುವರು ಮೌನೇಶಪ್ಪ.

ದಾನೇಶ್ವರಿ ಹೊಸ್ತಿಲ ಮೇಲೆ ನಿಂತು ಎರಡನ್ನೂ ಮತ್ತೊಮ್ಮೆ ಹೇಳಬೇಕು. ಹೇಳದಿದ್ದರೆ ರೊಟ್ಟಿ ಆರುತ್ತಲೇ ಇರುತ್ತಿತ್ತು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲೆ ತಿಳಿಯಿತು, ಆ ಇಬ್ಬರೂ ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಕಾಯುತ್ತಾರೆ. ಕೇಳುವಾಗ ಕೆಲಸ ನಿಲ್ಲಿಸುತ್ತಾರೆ.

ಆ ವರ್ಷ ಕಾಳಮ್ಮನವರ ಹೊಟ್ಟೆಯಲ್ಲಿ ಗಂಟು ಬೆಳೆಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರರ್ಥವನ್ನು ಯಾರೂ ಬಿಡಿಸಿ ಕೇಳಲಿಲ್ಲ. ಮಂಚವನ್ನು ಕೆಲಸದ ಪಡಸಾಲೆಗೆ ತಂದು ಹಾಕಿದರು. ಅಲ್ಲಿ ಬೆಳಕಿತ್ತು, ಗಾಳಿಯಿತ್ತು. ಮಲಗಿದಲ್ಲಿಂದಲೇ ನದಿಯೂ ಗಂಡನ ಬೆನ್ನೂ ಕಾಣುತ್ತಿದ್ದವು.

ದಾನೇಶ್ವರಿ ಪದವಿಗಾಗಿ ಒಂದು ಕೆಲಸ ಮುಗಿಸಬೇಕಿತ್ತು. ದೇಶದಲ್ಲಿ ನಡೆಯುವ ಯಾವುದಾದರೂ ಒಂದು ಸ್ಪರ್ಧೆಯನ್ನು ವಿದ್ಯಾರ್ಥಿಯೇ ಆರಿಸಿಕೊಂಡು, ಅದಕ್ಕೆ ತಕ್ಕ ಶಿಲ್ಪ ಮಾಡಿ ಕಳಿಸಬೇಕು. ಗೆಲ್ಲಲಿ, ಬಿಡಲಿ, ಕಳಿಸಿದರೆ ಮಾತ್ರ ಪದವಿ. ಹಿಂದಿನ ವರ್ಷ ಅವಳು ವಿಷಮಶೀತ ಜ್ವರದಿಂದ ಮಲಗಿ ಕಳಿಸಲಾಗಿರಲಿಲ್ಲ. ಇನ್ನೊಂದು ಸಲ ತಪ್ಪಿದರೆ ಓದಿದ ವರ್ಷಗಳೆಲ್ಲ ನೀರಿಗೆ ಹೋದಂತೆಯೇ.

ಒಂದು ಬೆಳಿಗ್ಗೆ ಅವಳು ಮಣ್ಣು ನಾದುತ್ತ ಗುರುಗಳನ್ನು ಕೇಳಿದಳು. ಮೂರು ಸ್ಪರ್ಧೆಗಳಿವೆ, ಯಾವುದನ್ನು ಆರಿಸಿಕೊಳ್ಳಲಿ?

ನಾದುವ ಕೈ ನಿಲ್ಲಿಸದೆ ಮೂರನ್ನೂ ಹೇಳು ಎಂದರು ಮೌನೇಶಪ್ಪ.

ಅವಳು ಹೇಳಿದಳು. ಮೊದಲನೆಯದು ಒಂದು ಬಸ್ ನಿಲ್ದಾಣದ ಗೋಡೆಗೆ ಹಕ್ಕಿಗಳ ಉಬ್ಬುಚಿತ್ರ. ಎರಡನೆಯದು ಉದ್ಯಾನಕ್ಕೆ ಒಂದು ಕಾರಂಜಿಯ ಮಾದರಿ. ಮೂರನೆಯದು ದಿಲ್ಲಿಯಲ್ಲಿ ನಡೆಯುವುದು. ಒಂದೇ ಒಂದು ಮುಖ ಮಾಡಬೇಕು. ಅವರು ಕೊಟ್ಟ ವಿಷಯ 'ವಿದಾಯ'.

"ಕೈ ನಿಂತಿತಲ್ಲ," ಎಂದರು ಗುರುಗಳು.

ಅವಳು ಕೆಳಗೆ ನೋಡಿದಳು. ಬೆರಳುಗಳು ಮಣ್ಣಿನೊಳಗೆ ಹಾಗೆಯೇ ನಿಂತಿದ್ದವು. ಅವಳ ಕಣ್ಣು ಆಗಲೇ ಮಂಚದ ಕಡೆ ಹೋಗಿ ಬಂದಿತ್ತು. ಅದನ್ನೂ ಅವರು ನೋಡಿದ್ದರು.

"ಹಂಗಾರ ಮೂರನೇದನ್ನ ಆರಿಸಿಕೊಳ್ಳಲೇನ್ರಿ?"

"ಗೌರವ ಬಂದ್ರೂ ಕೈ ನಿಲ್ತೈತಿ, ಆಸೆ ಬಂದ್ರೂ ನಿಲ್ತೈತಿ. ನಿಂದು ಯಾವದಕ್ಕ ನಿಂತಿತೋ ನನಗ ಹೆಂಗ ಗೊತ್ತಾಗಬೇಕು?"

ಅವರು ಅಷ್ಟು ಹೇಳಿ ಬುಟ್ಟಿ ತೆಗೆದುಕೊಂಡು ಮಣ್ಣು ತರಲು ನದಿಗೆ ಇಳಿದರು.

ದಾನೇಶ್ವರಿ ಮಂಚದ ಬಳಿ ಹೋಗಿ ಕಾಳಮ್ಮನವರ ಒಪ್ಪಿಗೆ ಕೇಳಿದಳು. ವಿಷಯ ಏನೆಂಬುದನ್ನು ಹೇಳದೆ ಬಿಡಬಹುದಿತ್ತು. ಹೇಳಿದಳು.

ಕಾಳಮ್ಮ ನಕ್ಕರು. ಮದುವೆಗೆ ಮೊದಲು ಹೆಣ್ಣು ನೋಡಲು ಬಂದಾಗ ನಿಮ್ಮ ಗುರುಗಳು ಈ ಮುಖ ನೋಡಲೇ ಇಲ್ಲ, ಚಹಾದ ಬಟ್ಟಲನ್ನಷ್ಟೇ ನೋಡಿಕೊಂಡು ಎದ್ದು ಹೋದರು, ಈಗ ದಿಲ್ಲಿಯವರು ನೋಡುತ್ತಾರಂತೆ ಎಂದರು. ಕೆನ್ನೆ ತುಂಬಿದ್ದಾಗ ಬರಬಾರದಿತ್ತೇ ಎಂದರು. ಆಮೇಲೆ ಒಂದು ಕರಾರು ಹಾಕಿದರು.

"ಮಾಡವ್ವ. ಆದ್ರ ಮಾತಾಡ್ಕೋತ ಮಾಡು. ಸುಮ್ನ ಕುಂತು ನೋಡಿದ್ರ, ಹೆಣ ನೋಡಾಕ ಬಂದಂಗ ಅನಸ್ತೈತಿ."

ಅವಳು ಒಪ್ಪಿದಳು.

ಕೆಲಸ ಶುರುವಾಯಿತು. ಹಲಗೆಯ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸಿ ಅದರ ಸುತ್ತ ಮಣ್ಣು ಏರಿಸಿದಳು. ತಲೆಬುರುಡೆ ಬಂತು, ಹಣೆ ಬಂತು. ಕಾಳಮ್ಮ ಮಾತಾಡುತ್ತಿದ್ದರು, ಇವಳು ಹೂಂಗುಟ್ಟುತ್ತಿದ್ದಳು. ಯಾವ ಶಿಷ್ಯ ಯಾವ ಮಾತನ್ನು ತಿರುಚಿ ಹೇಳಿ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯದಂತೆ ಮಾಡಿದ್ದ ಎಂಬ ಕಥೆ ಕೇಳಿ ಇಬ್ಬರೂ ನಗುತ್ತಿದ್ದರು. ನಡುನಡುವೆ ಕಾಳಮ್ಮ, ಬಿಸಿಲಾಗ ತಲೆಗೆ ಟವೆಲ್ ಕಟ್ಟಿಕೊಂಡು ಹೋಗಬೇಕಂತೆ ಎಂದು ಅವರಿಗೆ ಹೇಳು ಎನ್ನುವರು. ಅವಳು ಎದ್ದು ಹೋಗಿ ಹೇಳಿ ಬರುವಳು.

ದಿನ ಕಳೆದಂತೆ ಮುಖ ಒಳಗಿನಿಂದ ಬರತೊಡಗಿತು. ದಾನೇಶ್ವರಿಗೆ ಹಿಂದೆಂದೂ ಹಾಗಾಗಿರಲಿಲ್ಲ. ಕಣ್ಣಿನ ಗುಳಿ, ಕೆನ್ನೆಯ ಮೂಳೆ, ಕಿವಿಯ ಹಿಂದಿನ ತೆಳು ಚರ್ಮ, ಎಲ್ಲವೂ ಕೈಗೆ ತಾವಾಗಿ ಸಿಗುತ್ತಿದ್ದವು. ಕಾಯಿಲೆ ಒಂದೊಂದು ದಿನವೂ ಏನನ್ನೋ ಕೆತ್ತಿ ತೆಗೆಯುತ್ತಿತ್ತು. ಅವಳು ಮಣ್ಣಿನಲ್ಲಿ ಅಷ್ಟನ್ನೇ ತೆಗೆಯುತ್ತಿದ್ದಳು.

ಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೇ ಕೆಲಸ ನಿಂತಾಗಲೆಲ್ಲ ಒದ್ದೆ ಅರಿವೆ ಸುತ್ತಿಡಬೇಕು, ಅದು ಆರುವ ಮೊದಲು ಮತ್ತೆ ನೀರು ಹನಿಸಬೇಕು. ಅವಳು ಒಂದು ದಿನವೂ ತಪ್ಪಲಿಲ್ಲ. ಉಣ್ಣುವಾಗಲೂ ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದಳು.

ಹೂಂಗುಟ್ಟುವುದು ಯಾವಾಗ ನಿಂತಿತೋ ಅವಳಿಗೇ ತಿಳಿಯಲಿಲ್ಲ.

ಕೊನೆಗೆ ಬಾಯಿ ಉಳಿಯಿತು. ಅವಳು ಬಾಯಿಗೆ ಹೆದರಿ ಅದನ್ನು ಮುಂದೂಡುತ್ತ ಬಂದಿದ್ದಳು. ಆ ಮಧ್ಯಾಹ್ನ ಮೇಲ್ತುಟಿ ಒಂದೇ ಏಟಿಗೆ ಬಂತು. ಉಸಿರು ಬಿಗಿಹಿಡಿದು ಕೆಳತುಟಿಗೆ ಕೈ ಹಾಕಿದಳು. ಗುರುಗಳು ನದಿಯಲ್ಲಿದ್ದರು.

"ದಾನವ್ವ," ಎಂದರು ಕಾಳಮ್ಮ. ದನಿ ತೀರ ಇಳಿದಿತ್ತು. "ಅವರಿಗೆ ಒಂದ್ ಮಾತು ಹೇಳಬೇಕಾಗಿತ್ತು."

"ಒಂಚೂರು ತಡೀರಿ ಅವ್ವ. ತುಟಿ ಅಲ್ಲಾಡತಾವು."

ಕಾಳಮ್ಮ ಅವಳನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನೆನಪಿಟ್ಟುಕೊಳ್ಳಲು ಸುಲಭವಾಗುತ್ತಿತ್ತು. ಅವರು ತಾವೇ ತಪ್ಪು ಮಾಡಿದ ಹುಡುಗಿಯ ಹಾಗೆ ನೋಡಿದರು. ಆಮೇಲೆ ಬಾಯಿ ಮುಚ್ಚಿದರು. ಕೆಲಸಕ್ಕೆ ತೊಂದರೆಯಾಗದಂತೆ, ಗಟ್ಟಿಯಾಗಿ, ಅಲುಗಿಸದೆ ಮುಚ್ಚಿದರು.

ಕೆಳತುಟಿ ಬಂತು. ಬಹಳ ಚೆನ್ನಾಗಿ ಬಂತು.

ಕೈ ಒರೆಸಿಕೊಂಡು ದಾನೇಶ್ವರಿ ಈಗ ಹೇಳ್ರಿ ಅವ್ವ ಎಂದಳು. ಕಾಳಮ್ಮ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡು ಅವಳು ಮಣ್ಣಿನ ಮುಖಕ್ಕೆ ಒದ್ದೆ ಅರಿವೆ ಸುತ್ತಿದಳು.

ಅದು ನಿದ್ದೆಯಾಗಿರಲಿಲ್ಲ. ಬಿಸಿಲು ಇಳಿದು ಮೌನೇಶಪ್ಪ ಬರುವ ಹೊತ್ತಿಗೆ ಕಾಳಮ್ಮನವರ ಕಣ್ಣು ಅರ್ಧ ತೆರೆದಿತ್ತು. ಕರೆದರೆ ಓಗೊಡಲಿಲ್ಲ. ಉಸಿರು ಬಾಯಿಂದ ಆಡುತ್ತಿತ್ತು. ಒಣಗಿದ ತುಟಿಗಳು ಬಿರಿದು ನಡುವೆ ಒಂದು ಎಳೆ ರಕ್ತ ಕಾಣಿಸುತ್ತಿತ್ತು.

ದಾನೇಶ್ವರಿ ಆಗ ಮಣ್ಣಿನ ಮುಖದ ಮೇಲೆ ನೀರು ಹನಿಸುತ್ತಿದ್ದಳು.

ಮೌನೇಶಪ್ಪ ಬುಟ್ಟಿ ಕೆಳಗಿಟ್ಟರು. ಬಂದು ಮಣ್ಣಿನ ಮುಖದಿಂದ ಅರಿವೆ ಬಿಚ್ಚಿದರು. ಅದನ್ನು ಹೊಸ ನೀರಿನಲ್ಲಿ ಹಿಂಡಿ ತೊಳೆದರು, ಮತ್ತೆ ತೊಳೆದರು, ಮಣ್ಣೆಲ್ಲ ಬಿಡುವ ತನಕ ತೊಳೆದರು. ಆಮೇಲೆ ಅದನ್ನು ತಂದು ಅವಳ ಕೈಯಲ್ಲಿಟ್ಟು, ಅವಳನ್ನು ಭುಜ ಹಿಡಿದು ಮಂಚದ ಪಕ್ಕ ಕೂರಿಸಿದರು.

ಅವಳು ಅರಿವೆಯ ತುದಿಯಿಂದ ಆ ತುಟಿಗಳನ್ನು ಒದ್ದೆ ಮಾಡತೊಡಗಿದಳು. ಮುಂದಿನ ದಿನಗಳಲ್ಲಿ ಬೇರೆ ಕೆಲಸ ಮಾಡಲಿಲ್ಲ. ಅವಳ ಬೆನ್ನ ಹಿಂದೆ ಹಲಗೆಯ ಮೇಲೆ ಮಣ್ಣು ಗಾಳಿಗೆ ಒಣಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಮೌನೇಶಪ್ಪ ಮಂಚದ ಇನ್ನೊಂದು ಬದಿಗೆ ಕುಳಿತು ಹೆಂಡತಿಯ ಕಾಲು ನೀವುತ್ತಿದ್ದರು. ಒಂದು ಸಲ ಏನೋ ಹೇಳಲೆಂದು ದಾನೇಶ್ವರಿಯ ಕಡೆ ಮುಖ ಎತ್ತಿದರು. ಹೇಳಲಿಲ್ಲ. ಒಯ್ದು ಮುಟ್ಟಿಸುವುದಕ್ಕೆ ಇನ್ನು ದಾರಿಯಿರಲಿಲ್ಲ.

ಕಾಳಮ್ಮ ಒಂದು ದಿನ ಬೆಳಕು ಹರಿದ ಮೇಲೆ, ಯಾವ ಸದ್ದೂ ಮಾಡದೆ ಹೋದರು. ನದಿಯ ಆಚೆ ದಡದಲ್ಲಿ ಮಣ್ಣು ಮಾಡಿ ಬಂದರು. ನೆಂಟರು ಒಂದೆರಡು ದಿನ ಇದ್ದು ಹೊರಟರು. ಮಂಚವನ್ನು ತೊಳೆದು ಹಿತ್ತಲಿನಲ್ಲಿ ನಿಲ್ಲಿಸಿದರು. ಪಡಸಾಲೆಯಲ್ಲಿ ಗುರು, ಶಿಷ್ಯೆ ಮತ್ತು ಆ ಮುಖ ಉಳಿದವು.

ಕುತ್ತಿಗೆಯಲ್ಲಿ ಒಂದು ಬಿರುಕು ಬಿಟ್ಟಿತ್ತು, ಮುಚ್ಚಿದರೆ ಮುಚ್ಚುವಂಥದು. ಬೇರೆಲ್ಲ ಸರಿಯಾಗಿತ್ತು. ದಾನೇಶ್ವರಿ ಅದನ್ನು ದೂರದಿಂದ ನೋಡಿದಳು. ಅವಳು ಈ ತನಕ ಮಾಡಿದ ಎಲ್ಲಕ್ಕಿಂತ ಅದು ಚೆನ್ನಾಗಿತ್ತು. ಅದನ್ನು ಅವಳು ಬಲ್ಲಳು, ಗುರುಗಳೂ ಬಲ್ಲರು. ಮುಚ್ಚಿದ ಆ ಬಾಯಿಯನ್ನು ನೋಡಿ ದಿಲ್ಲಿಯವರು ಎಂಥ ಶಾಂತಿ ಎನ್ನುವರು.

ಪ್ಲಾಸ್ಟರಿನ ಅಚ್ಚು ತೆಗೆದು ಕಳಿಸುವುದಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಅವಳು ಮುಟ್ಟಲಿಲ್ಲ. ಗುರುಗಳೂ ಕೇಳಲಿಲ್ಲ. ಮೂರನೆಯ ದಿನ ಅವಳು ಹೋಗಿ ಅವರ ಮುಂದೆ ಕುಳಿತಳು. ಅವರು ತಮ್ಮ ಉಪಕರಣಗಳಿಗೆ ಎಣ್ಣೆ ಸವರುತ್ತಿದ್ದರು.

"ಅವ್ವಾರು ನಿಮಗ ಒಂದ್ ಮಾತು ಹೇಳಬೇಕು ಅಂದಿದ್ರು. ಕೊನೀ ಸಲ, ಎಚ್ಚರಿದ್ದಾಗ."

ಅವರ ಕೈ ನಿಂತಿತು.

"ಏನಂದ್ಲು?"

"ಕೇಳಲಿಲ್ರಿ. ತುಟಿ ಮಾಡಾಕತ್ತಿದ್ದೆ. ತಡೀರಿ ಅಂದೆ."

ನದಿಯ ಮೇಲಿಂದ ಗಾಳಿ ಬಂದು ಹೋಯಿತು. ಅವರು ಎಣ್ಣೆಯ ಅರಿವೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಕೇಳಿದ ಮೇಲೆ ಬೈಯುವರು, ಇಲ್ಲವೆ ಎದ್ದು ಹೋಗುವರು ಎಂದು ದಾನೇಶ್ವರಿ ಕಾದಳು.

"ಯಾವ ತುಟಿ?" ಎಂದು ಕೇಳಿದರು.

ಅವಳಿಗೆ ಅರ್ಥವಾಗಲಿಲ್ಲ.

"ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದು."

ಅವರು ಎದ್ದು ಮುಖದ ಬಳಿ ಹೋದರು. ಹೆಬ್ಬೆರಳನ್ನು ಆ ಕೆಳತುಟಿಯ ಮೇಲಿಟ್ಟರು. ಒತ್ತಲಿಲ್ಲ, ಸವರಲಿಲ್ಲ, ಸುಮ್ಮನೆ ಇಟ್ಟರು. ಇಷ್ಟು ವರ್ಷ ಅವರು ಸಾವಿರ ಮುಖ ಮಾಡಿರಬೇಕು. ಹೆಂಡತಿಯ ಆ ಒಂದು ಮುಖವನ್ನು ಅವರು ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

"ಚಲೋ ಬಂದೈತಿ," ಎಂದರು.

ಅದಕ್ಕಿಂತ ಹೊಡೆದಿದ್ದರೇ ವಾಸಿಯಿತ್ತು ಅವಳಿಗೆ.

ಅವಳು ಇದನ್ನು ಕಳಿಸುವುದಿಲ್ಲ ಎಂದಳು. ಬಸ್ ನಿಲ್ದಾಣದ ಸ್ಪರ್ಧೆಗೆ ಇನ್ನೂ ಸಮಯವಿದೆ, ಇದನ್ನು ನೆನೆಹಾಕಿ ಇದೇ ಮಣ್ಣಿನಲ್ಲಿ ಹಕ್ಕಿಗಳನ್ನು ಮಾಡುತ್ತೇನೆ ಎಂದಳು. ಆಗದಿದ್ದರೆ ಪದವಿ ಹೋಗಲಿ, ನನಗೆ ಅದೇ ಸರಿ ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಶಿಕ್ಷೆ ಸಿಕ್ಕಿತೆಂಬ ಸಮಾಧಾನವೂ ಅದರಲ್ಲಿತ್ತು.

ಅವಳು ಹಲಗೆಸಮೇತ ಮುಖವನ್ನು ಎತ್ತಿಕೊಂಡಳು. ಅಂಗಳದಲ್ಲಿ ಹಳೆಯ ಮಣ್ಣು ನೆನೆಸುವ ತೊಟ್ಟಿಯಿತ್ತು. ಸರಿ ಬಾರದ ಕೆಲಸವನ್ನೆಲ್ಲ ಅದರಲ್ಲಿ ಮುಳುಗಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ಮೂಗು, ಕಣ್ಣು ಎಲ್ಲ ಕರಗಿ ಮತ್ತೆ ಬರಿಯ ಮಣ್ಣು. ಅವಳು ತೊಟ್ಟಿಯ ಅಂಚಿನಲ್ಲಿ ಮೊಣಕಾಲೂರಿ ಹಲಗೆಯನ್ನು ಓರೆ ಮಾಡಿದಳು. ಗಲ್ಲಕ್ಕೆ ನೀರು ತಾಗಿತು.

ಇನ್ನೊಂದು ಕೈ ಬಂದು ತಲೆಯ ಕೆಳಗೆ ಸೇರಿತು. ಮಲಗಿದವರ ತಲೆಯನ್ನು ನೀರು ಕುಡಿಸಲು ಎತ್ತುವ ಹಾಗೆ ಅದು ಮುಖವನ್ನು ಎತ್ತಿತು.

"ಬಿಡ್ರಿ ಗುರುಗಳ. ಈ ಬಾಯಿ ನನಗ ನೋಡಾಕ ಆಗವಲ್ದು."

ಅವರು ಬಿಡಲಿಲ್ಲ. ಅವಳ ಕೈಯಿಂದ ಹಲಗೆ ತೆಗೆದುಕೊಂಡು ಪಡಸಾಲೆಗೆ ಹೋದರು. ಮುಖವನ್ನು ಬೆಳಕಿಗೆ ತಿರುಗಿಸಿ ಇಟ್ಟರು. ಗಲ್ಲದ ನೀರನ್ನು ಧೋತರದ ಚುಂಗಿನಿಂದ ಒತ್ತಿ ತೆಗೆದರು. ಕುತ್ತಿಗೆಯ ಬಿರುಕಿಗೆ ಮೆತ್ತನೆಯ ಮಣ್ಣು ತುಂಬಿದರು. ಆಮೇಲೆ ಬೋಗುಣಿ ಎಳೆದುಕೊಂಡು, ನೀರು ಹಾಕಿ, ಅಚ್ಚು ತೆಗೆಯಲು ಪ್ಲಾಸ್ಟರ್ ಉದುರಿಸತೊಡಗಿದರು.

ಅವಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಅವರು ತಲೆ ಎತ್ತದೆ ಹೇಳಿದರು:

"ಆಕಿ ಬಾಯಿ ಒಂದ್ಸಲ ಮುಚ್ಚಿಸಿದಿ, ದಾನವ್ವ. ಅಷ್ಟು ಸಾಕು."